ಬೀಗ ಹಾಕಿದ ಪುಸ್ತಕಗಳು



ಮಕ್ಕಳಿಗೆ ಅಕ್ಷರ ಕಲಿಸುವುದನ್ನೇ 36 ವರ್ಷಗಳ ಕಾಲ ವೃತ್ತಿಯಾಗಿ ನಡೆಸಿಕೊಂಡು ಬಂದ ನಾನು, ನನ್ನ ಮನೆಯಲ್ಲಿಯೇ ಎಸಗಿದ ತಪ್ಪೊಂದನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬೇಕಾಗಿದೆ.

ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ 'ಬಾಲ ಪ್ರಪಂಚ'ವನ್ನು ನಾನು ಬಹು ಆಸೆಯಿಂದ ಸಂಪಾದಿಸಿದ್ದೆನು. ಆಗ ಮಗನಿಗೆ ಐದು ವರ್ಷ. ಎಲ್ಲಿ ಹರಿದುಬಿಡುವನೋ ಎಂಬ ಭಯದಿಂದ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. "ಓದಲು ಬಂದ ಮೇಲೆ ಕೊಡುತ್ತೇನೆ" ಎಂದೆ. ಓದಲು ಬಂದ ಮೇಲೆ ಅವನು ಕೇಳಲೇ ಇಲ್ಲ. ಇಂದು ಅವನು ಸಂಸಾರಸ್ಥ, ಉದ್ಯೋಗಸ್ಥ. ಆದರೆ ಪುಸ್ತಕ ಹಿಡಿದು ಕುಳಿತುದನ್ನು ನಾನು ಕಂಡಿಲ್ಲ.

ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಹಿಂದೆ ಐರೋಪ್ಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದರಂತೆ. ಅದನ್ನು ಓದಿ ನಕ್ಕವನು ನಾನು. ನನ್ನ ಬೀಗ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಕಣ್ಣು ತೆರೆಯಿಸಿದುದು ನಮ್ಮೂರ ಪಂಚಾಯಿತಿಯ ಗ್ರಂಥಾಲಯ. ನಾಲ್ಕು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದಾಗ, ಅವಳು ಚಿತ್ರದ ಪುಸ್ತಕವೊಂದಕ್ಕೆ ಕೈಚಾಚಿದಳು. ನಾನು ಹಳೆಯ ಅಭ್ಯಾಸದಂತೆ ತಡೆದೆ. ಮೇಲ್ವಿಚಾರಕಿಯಾದ ತರುಣಿ, "ಅಜ್ಜಾರ, ಹರದ್ರ ನಾ ಅಂಟಸ್ತೀನಿ. ಕೂಸಿನ ಕೈಯಾಗ ಕೊಡ್ರಿ" ಎಂದಳು. ನನಗೆ ಮಾತು ಹೊರಡಲಿಲ್ಲ.

ಅಂದಿನಿಂದ ಆಕೆಯಿಂದಲೂ ಅನುಭವದಿಂದಲೂ ಕಲಿತುದನ್ನು ಅರಿಕೆಮಾಡುವೆನು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ದಿನವೂ ಹತ್ತು ನಿಮಿಷ ಓದಿರಿ. ಸಾಲಿನ ಕೆಳಗೆ ಬೆರಳು ಸರಿಯುತ್ತಿರಲಿ. ನಾವಾಡುವ ಮಾತು ಆ ಗುರುತುಗಳಲ್ಲಿದೆಯೆಂಬುದನ್ನು ಮಗು ತಾನೇ ಅರಿಯುವುದು. "ಇದಾವ ಅಕ್ಷರ?" ಎಂದು ಪರೀಕ್ಷಿಸದೆ, "ಮುಂದೇನಾದೀತು?" ಎಂದು ಕೇಳಿರಿ. ಒಂದೇ ಕಥೆಯನ್ನು ಇಪ್ಪತ್ತು ಸಲ ಬೇಡಿದರೂ ಬೇಸರಿಸಬೇಡಿರಿ; ಆ ಪುನರಾವರ್ತನೆಯಲ್ಲಿಯೇ ಶಬ್ದಗಳು ನೆಲೆಗೊಳ್ಳುತ್ತವೆ. ನಮ್ಮ ಕಾಗುಣಿತ, ಒತ್ತಕ್ಷರಗಳು ಕೈಗೂಡಲು ಕಾಲ ಬೇಕು; ಅವಸರ ಸಲ್ಲದು. ಮೊದಲು ಮಗುವಿನ ಹೆಸರಿನ ಅಕ್ಷರಗಳಿಂದಲೇ ತೊಡಗಿರಿ.

ಯಾವ ಪುಸ್ತಕವೆಂದು ಕೇಳುವಿರಾದರೆ, ಪಂಜೆ ಮಂಗೇಶರಾಯರ ಹಾಗೂ ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು ಮೊದಲಿಗೆ; ಅನಂತರ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'; ಬಳಿಕ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಸಚಿತ್ರ ಕಥೆಗಳು. ಕೊಳ್ಳಲಾಗದಿದ್ದರೆ ಚಿಂತೆಯಿಲ್ಲ. ಮನೆಕಂದಾಯದೊಡನೆ ಗ್ರಂಥಾಲಯ ಕರವನ್ನು ನಾವೇ ತೆತ್ತಿರುತ್ತೇವೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಅಭಿಯಾನದಲ್ಲಿ 6ರಿಂದ 18 ವರ್ಷದ ಮಕ್ಕಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು.

ಕಳೆದ ತಿಂಗಳು ನಾನು ಜ್ವರದಿಂದ ಮಲಗಿದ್ದೆ. ಮೊಮ್ಮಗಳು 'ಕಿಂದರಿಜೋಗಿ'ಯನ್ನು ಒಯ್ದು ತಂದೆಯ ಮಡಿಲಲ್ಲಿಟ್ಟಳು. ಅವನು ಮೊದಲು ತಡವರಿಸಿದ. ಆಮೇಲೆ ಓದಿದ, ಕೊನೆಯವರೆಗೂ ಓದಿದ. ಗೋಡೆಯ ಈಚೆ ಮಲಗಿ ಕೇಳುತ್ತಿದ್ದ ನನಗೆ, ಮೂವತ್ತು ವರ್ಷಗಳ ಹಿಂದೆ ನಾನು ಓದಬೇಕಾಗಿದ್ದ ದನಿಯದು ಎನಿಸಿತು.

ತಮ್ಮ ಮನೆಯ ಬೀರುವಿಗೂ ಬೀಗವಿದ್ದರೆ ದಯಮಾಡಿ ಇಂದೇ ತೆಗೆಯಿರಿ. ಇಷ್ಟೇ ನನ್ನ ಬಿನ್ನಹ.