ಕಪ್ಪತಗುಡ್ಡದ ಏರಿನಲ್ಲಿ

ಗದಗಿನಿಂದ ಡಂಬಳದ ಮಾರ್ಗವಾಗಿ ಮುಂಡರಗಿಗೆ ಹೊರಟವರಿಗೆ ಕಪ್ಪತಗುಡ್ಡದ ಸಾಲು ಬಹುದೂರ ಜೊತೆಗಾರನಾಗುತ್ತದೆ. ಗಿಡಮೂಲಿಕೆಗಳಿಗೆ ಹೆಸರಾಗಿ, 2019ರಲ್ಲಿ ವನ್ಯಜೀವಿಧಾಮವೆನಿಸಿದ ಈ ಗುಡ್ಡದ ಏರುದಾರಿಯೂ ಒಂದು ಔಷಧವೇ ಸರಿ.

ನನ್ನೊಡನೆ ಏರುತ್ತಿದ್ದ ಮಿತ್ರರು ಬ್ಯಾಂಕಿನ ನೌಕರರು. ತಂದೆಯವರ ಸಕ್ಕರೆ ಕಾಯಿಲೆ ತಮಗೂ ಅಂಟೀತೆಂಬ ಅಂಜಿಕೆಯಿಂದ ಮೂರು ತಿಂಗಳು ಗದಗಿನ ಭೀಷ್ಮಕೆರೆಯ ದಂಡೆಯಲ್ಲಿ ನಿತ್ಯವೂ ನಡೆದವರು. ತೂಕ ಮಾತ್ರ ಎರಡು ಕಿಲೋ ಕೂಡ ಇಳಿದಿರಲಿಲ್ಲ.

“ತೂಕ ಇರಲಿ, ನಿಮ್ಮ ಬೆಲ್ಟ್ ಏನ ಹೇಳತದ್ರಿ?” ಎಂದೆ.

“ಎರಡು ತೂತು ಒಳಗ ಬಂದದ ನೋಡ್ರಿ!” ಎಂದು ನಕ್ಕರು.

ತಕ್ಕಡಿಗೆ ಕೊಬ್ಬು, ಸ್ನಾಯುಗಳ ಭೇದ ತಿಳಿಯದು. ಬಿರುಸಿನ ನಡಿಗೆಯು ಮಧುಮೇಹಕ್ಕೆ ಹಾದಿಮಾಡುವ ಹೊಟ್ಟೆಯೊಳಗಣ ಕೊಬ್ಬನ್ನು ಕರಗಿಸುತ್ತದೆ. ಏರುದಾರಿ ತೊಡೆಯ ಸ್ನಾಯುಗಳನ್ನು ದುಡಿಸುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸೊಂಟದ ಸುತ್ತಳತೆ ನಮ್ಮ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ ಬೇಕೆನ್ನುತ್ತಾರೆ ವೈದ್ಯರು.

ಇದಕ್ಕೆ ಗುಡ್ಡವೇ ಬೇಕೆಂದಿಲ್ಲ. ಬೆಟಗೇರಿಯವರು ವೀರನಾರಾಯಣನ ಗುಡಿಗೆ, ಲಕ್ಷ್ಮೇಶ್ವರದವರು ಸೋಮೇಶ್ವರನ ಗುಡಿಗೆ ನಡೆದೇ ಹೋಗಲಿ. ದೇವರ ದರ್ಶನವೂ ಆದೀತು. ದರ್ಜಿಯ ಟೇಪು ತಕ್ಕಡಿಗಿಂತ ಮೊದಲೇ ಶುಭವಾರ್ತೆ ಹೇಳೀತು.