ಒಂದೇ ಕಡೆ ತಪ್ಪುವ ಸುಖ

ಗುರಿ ತಪ್ಪುವವನಿಗೆ ನಮ್ಮ ತೋರಣಗಲ್ಲಿನ ಸುತ್ತಮುತ್ತಲಷ್ಟು ಮುಜುಗರದ ಸೀಮೆ ಇನ್ನೊಂದಿರಲಾರದು. ಎತ್ತ ತಿರುಗಿದರೂ ಯಾರೋ ಒಬ್ಬರು ನಮಗಿಂತ ಮೊದಲೇ ಬಂದು, ನೆಟ್ಟಗೆ ಹೊಡೆದು, ಹೆಸರು ಮಾಡಿ ಹೋಗಿದ್ದಾರೆ. ವಾಯವ್ಯಕ್ಕೆ ಹಂಪಿ, ಅಂದರೆ ಕಿಷ್ಕಿಂಧೆ. ರಾಮ ಮರದ ಮರೆಯಲ್ಲಿ ನಿಂತು ವಾಲಿಯ ಎದೆಗೆ ಬಾಣ ನೆಟ್ಟದ್ದು ಅಲ್ಲೇ. ನಿಂಬಾಪುರದ ಹತ್ತಿರದ ಬೂದಿದಿಬ್ಬವನ್ನು ತೋರಿಸಿ, ವಾಲಿಯನ್ನು ಸುಟ್ಟದ್ದು ಇಲ್ಲೇ ಎಂದು ಜನ ಹೇಳುತ್ತಾರೆ. ಮಾಲ್ಯವಂತ ಬೆಟ್ಟಕ್ಕೆ ಹೋದರೆ ಅಲ್ಲೊಂದು ಸೀಳುಬಂಡೆ. ಮಳೆಗಾಲ ಕಳೆಯಲು ಅಣ್ಣತಮ್ಮಂದಿರು ಅಲ್ಲಿ ತಂಗಿದ್ದಾಗ ನೀರು ಬೇಕಾಗಿ ಬಾಣ ಬಿಟ್ಟರಂತೆ, ಬಂಡೆ ಬಿರಿದು ನೀರು ಬಂತಂತೆ. ಸೀಳಿನ ಉದ್ದಕ್ಕೂ ಲಿಂಗಗಳನ್ನು ಸಾಲಾಗಿ ಕಡೆದಿದ್ದಾರೆ. ನಾನು ಅದನ್ನು ನೋಡುತ್ತ ನಿಂತಾಗ ಸ್ವಲ್ಪ ಸಮಾಧಾನ ಮಾಡಿಕೊಳ್ಳುವುದುಂಟು: ಹಂಪಿಯಲ್ಲಿ ಬಂಡೆಗೆ ತಾಗಿಸುವುದು ಏನು ಮಹಾ? ಕಣ್ಣು ಮುಚ್ಚಿ ಬಿಟ್ಟರೂ ಅಲ್ಲಿ ಬಂಡೆಗೇ ತಾಗುತ್ತದೆ.

ಉತ್ತರಕ್ಕೆ ಕಂಪ್ಲಿ. ಅದು ಕುಮಾರರಾಮನ ಕಡೆ. ನನಗೆ ಅವನು ಹತ್ತಿರದವನು, ಯಾಕೆಂದರೆ ಅವನ ಕಥೆ ಹೊರಳುವುದೇ ಎಲ್ಲೋ ಬೀಳಬೇಕಾದದ್ದು ಇನ್ನೆಲ್ಲೋ ಬಿದ್ದದ್ದರಿಂದ. ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬಿತ್ತು, ತರಲು ಹೋದವನ ಮೇಲೆ ಅವಳ ಕಣ್ಣು ಬಿತ್ತು, ಆಮೇಲೆ ಅವನ ತಲೆಯ ಮೇಲೆ ಆಕಾಶವೇ ಬಿತ್ತು. ಚೆಂಡು ಅಂಗಳದಲ್ಲೇ ಉಳಿದಿದ್ದರೆ ನಂಜುಂಡ ಕವಿಗೆ ಸಾಂಗತ್ಯ ಎಲ್ಲಿರುತ್ತಿತ್ತು? ನಮ್ಮ ದರೋಜಿಯ ಈರಮ್ಮ ಬುರ್ರಕಥೆ ಕಟ್ಟಿ ಹಾಡುವುದಕ್ಕೆ ಕುಮಾರರಾಮ ಎಲ್ಲಿ ಸಿಗುತ್ತಿದ್ದ? ತಾಗಿದ್ದು ಕಲ್ಲಿನಲ್ಲಿ ಉಳಿಯಿತು, ತಪ್ಪಿದ್ದು ಹಾಡಿನಲ್ಲಿ ಉಳಿಯಿತು. ಇಷ್ಟು ಪೀಠಿಕೆ ಹಾಕಿಕೊಂಡರೆ ಬಿಲ್ಲು ಹಿಡಿಯಲು ನನ್ನಂಥವನಿಗೂ ಧೈರ್ಯ ಬರುತ್ತದೆ.

ನನ್ನದು ಬರಿಬಿಲ್ಲು. ಒಲಿಂಪಿಕ್ಸ್ ಬಂದಾಗ ಟಿವಿಯಲ್ಲಿ ಕಾಣುವ ಬಿಲ್ಲುಗಳ ವೈಭವ ಬೇರೆ. ಮುಂದಕ್ಕೊಂದು ಉದ್ದನೆಯ ಕಡ್ಡಿ, ಪಕ್ಕಕ್ಕೆರಡು ಗಿಡ್ಡ ಕಡ್ಡಿ, ಕಣ್ಣಿಗೊಂದು ಗುರಿಗಣ್ಣು, ಎಳೆದದ್ದು ಸಾಕು ಎಂದು ಟಕ್ಕೆನ್ನುವ ಕ್ಲಿಕ್ಕರ್. ಮೈತುಂಬ ಒಡವೆ ಹೇರಿಕೊಂಡು ಮದುವೆಗೆ ಹೊರಟ ಬಿಲ್ಲುಗಳವು. ಬರಿಬಿಲ್ಲಿಗೆ ಅದಾವುದೂ ಇಲ್ಲ. ಅದರ ವೈರಾಗ್ಯವನ್ನು ಪರೀಕ್ಷಿಸಲು ವಿಶ್ವ ಬಿಲ್ವಿದ್ಯೆಯ ಸಂಸ್ಥೆಯವರು ಒಂದು ಬಳೆ ಇಟ್ಟುಕೊಂಡಿದ್ದಾರೆ. ಹೆದೆ ಇಳಿಸಿದ ಬಿಲ್ಲು 12.2 ಸೆಂಟಿಮೀಟರ್ ವ್ಯಾಸದ ಆ ಬಳೆಯೊಳಗಿಂದ ತೂರಿ ಬರಬೇಕು. ಕಡ್ಡಿಗಿಡ್ಡಿ ಸಿಕ್ಕಿಸಿಕೊಂಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮೋಜೆಂದರೆ, 50 ಮೀಟರ್ ಆಚೆ ನಿಲ್ಲಿಸುವ 122 ಸೆಂಟಿಮೀಟರ್ ಅಗಲದ ಗುರಿಕಾಗದದ ನಟ್ಟನಡುವಿನ ಹತ್ತು ಅಂಕದ ವೃತ್ತವೂ ಸರಿಯಾಗಿ 12.2 ಸೆಂಟಿಮೀಟರ್. ಬಿಲ್ಲು ಹಾಯ್ದಷ್ಟೇ ಕಿಂಡಿಯಲ್ಲಿ ಬಾಣವೂ ಹಾಯಲಿ ಎಂಬ ಹಟ ಯಾರದೋ! ನನ್ನ ಬಿಲ್ಲು ಬಳೆಯಲ್ಲಿ ಸಲೀಸಾಗಿ ಹಾಯುತ್ತದೆ. ಅರ್ಧ ವಿದ್ಯೆ ಬಂದಂತಾಯಿತು.

ಉಳಿದರ್ಧಕ್ಕೆ ಧನುರ್ವೇದದ ಗ್ರಂಥಗಳನ್ನು ತೆರೆದರೆ ಹೆಸರುಗಳ ಜಾತ್ರೆ. ನಿಲ್ಲುವುದರಲ್ಲೇ ಆಲೀಢ, ಪ್ರತ್ಯಾಲೀಢ, ಸಮಪಾದ ಎಂದು ಬಗೆಬಗೆ. ಬೆರಳ ಹಿಡಿತಕ್ಕೆ ಪತಾಕ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರಿ, ಕಾಕತುಂಡಿ. ನನ್ನ ಹಿಡಿತ ವಜ್ರಮುಷ್ಟಿಯಲ್ಲಿ ಶುರುವಾಗಿ, ಪಕ್ಕದವನ ಬಾಣ ನಡುವಿಗೆ ತಾಗಿದ ಕೂಡಲೇ ಮತ್ಸರಿಗೆ ಇಳಿಯುತ್ತದೆ. ಎಳೆದ ಕೈ ಎಲ್ಲಿಗೆ ಬಂದು ನಿಲ್ಲಬೇಕೆಂಬುದಕ್ಕೂ ಹೆಸರುಗಳಿವೆ: ಕೂದಲ ಬುಡದವರೆಗೆ ಬಂದರೆ ಕೈಶಿಕ, ಕಿವಿಯವರೆಗೆ ಬಂದರೆ ವತ್ಸಕರ್ಣ, ಹೆಗಲಿಗೆ ಬಂದರೆ ಸ್ಕಂಧ. ಇಂದಿನ ಬರಿಬಿಲ್ಲಿನವರು ಹೆಚ್ಚಾಗಿ ಬೆರಳ ತುದಿಯನ್ನು ಬಾಯಿಯ ಕೊನೆಗೆ ತಂದು ಒತ್ತುತ್ತಾರೆ. ಎಲ್ಲಿಗೆ ತಂದೆ ಎಂಬುದು ಅಷ್ಟು ದೊಡ್ಡದಲ್ಲ, ಪ್ರತಿಸಲವೂ ಅಲ್ಲಿಗೇ ತಂದೆಯಾ ಎಂಬುದು ದೊಡ್ಡದು. ಕೈ ಒಂದು ಬೆರಳಗಲ ಮೇಲೆ ಕೂತಿತೋ, ಬಾಣದ ಹಿಂಬದಿ ಏರಿ ಮುಂಬದಿ ತಗ್ಗಿತು. ಕೆನ್ನೆಯ ಮೇಲಿನ ಒಂದು ಕೂದಲೆಳೆಯ ವ್ಯತ್ಯಾಸ ಹೊಲದ ಆಚೆ ತುದಿಯಲ್ಲಿ ಗೇಣು ಮೊಳಗಳಾಗಿ ಬೆಳೆದಿರುತ್ತದೆ.

ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವ ಹೆಂಗಸರ ಕೈ ನೋಡಿದ್ದೀರಾ? ಅಳತೆಯಿಲ್ಲ, ಅಚ್ಚಿಲ್ಲ. ಬಡಿದು ಬಡಿದು ಬುಟ್ಟಿಗೆ ಹಾಕಿದ ರೊಟ್ಟಿಗಳ ಅಂಚು ಮಾತ್ರ ಒಂದರ ಮೇಲೊಂದು ಹೊಂದಿ ಕೂತಿರುತ್ತದೆ. ಹೇಗೆ ಎಂದು ಕೇಳಿದರೆ "ಕೈಗೆ ಗೊತ್ತೈತಿ" ಎನ್ನುತ್ತಾರೆ. ಬರಿಬಿಲ್ಲಿನ ವಿದ್ಯೆಯೆಲ್ಲ ಆ ಎರಡು ಮಾತಿನಲ್ಲಿದೆ. ಬಿಲ್ಲಿನ ಮೇಲೆ ಗುರಿಗಣ್ಣು ಇಲ್ಲದ್ದರಿಂದ ಮೈಯೇ ಗುರಿಗಣ್ಣಾಗಬೇಕು. ತೋಳಿನಿಂದ ಜಗ್ಗದೆ ಬೆನ್ನಿನ ಸ್ನಾಯುಗಳಿಂದ ಎಳೆಯಬೇಕು, ಬಿಲ್ಲು ಹಿಡಿದ ಕೈ ಬಾಣ ಹೋದಮೇಲೂ ಇದ್ದಲ್ಲೇ ಇರಬೇಕು, ಬೆರಳುಗಳು ಹೆದೆಯನ್ನು ಬಿಡಬಾರದು, ಹೆದೆಯೇ ಬೆರಳುಗಳನ್ನು ಬಿಟ್ಟು ಹೋಗಬೇಕು. ಈ ಕೊನೆಯದು ಭಗವದ್ಗೀತೆಯ ಹಾಗೆ: ಕೇಳಲು ಚೆಂದ, ಬೆರಳಿಗೆ ಅರ್ಥವಾಗುವುದು ತಡ.

ಇನ್ನು ಗುರಿ ನೋಡುವ ಬಗೆ. ಇಲ್ಲಿ ಮೂರು ಮತಗಳಿವೆ, ಮತಾಂತರಗಳೂ ನಡೆಯುತ್ತಿರುತ್ತವೆ. ಒಂದು ಮತದವರು ಬಾಣದ ಮೊನೆಯನ್ನೇ ನೋಡುತ್ತಾರೆ. ಗುರಿ ಹತ್ತಿರವಿದ್ದರೆ ಮೊನೆಯನ್ನು ಅದರ ಕೆಳಗೆ ಇಷ್ಟು ಗೇಣು, ದೂರವಿದ್ದರೆ ಅಷ್ಟು ಮೇಲೆ ಇಡುವ ಲೆಕ್ಕ ಅವರದು. ಎರಡನೆಯವರು ಮೊನೆಯನ್ನು ಯಾವಾಗಲೂ ಗುರಿಯ ಮೇಲೇ ಇಟ್ಟು, ದೂರಕ್ಕೆ ತಕ್ಕಂತೆ ಬೆರಳನ್ನು ಹೆದೆಯ ಮೇಲೆ ಕೆಳಕ್ಕೆ ನಡೆಸಿಕೊಂಡು ಹೋಗುತ್ತಾರೆ. ಗುರಿ ಹತ್ತಿರವಾದಷ್ಟೂ ಬೆರಳು ಬಾಣದಿಂದ ದೂರ. ಮೂರನೆಯವರು ಸಹಜವಾದಿಗಳು: ಮೊನೆ ಗಿನೆ ನೋಡಬೇಡ, ಗುರಿಯನ್ನಷ್ಟೇ ನೋಡು, ಉಳಿದದ್ದನ್ನು ಕೈಗೆ ಬಿಡು.

ಈ ಮೂರನೆಯ ಮತದ ಆಚಾರ್ಯ ಅರ್ಜುನ. ಮರದ ಮೇಲಿನ ಹಕ್ಕಿಯನ್ನು ತೋರಿಸಿ ಏನು ಕಾಣುತ್ತದೆ ಎಂದು ದ್ರೋಣರು ಕೇಳಿದಾಗ, ಅವನಿಗೆ ಹಕ್ಕಿಯ ತಲೆಯ ಹೊರತು ಏನೂ ಕಾಣಲಿಲ್ಲ. ಸರಿ, ಅವನು ಬಿಲ್ಲುಗಾರನಾದ. ಆದರೆ ಅವನಿಗಿಂತ ಮೊದಲು ಧರ್ಮರಾಯ ಹೇಳಿದ್ದನ್ನು ನೆನೆಯಿರಿ: ಮರ ಕಾಣುತ್ತಿದೆ, ನೀವು ಕಾಣುತ್ತಿದ್ದೀರಿ, ತಮ್ಮಂದಿರು ಕಾಣುತ್ತಿದ್ದಾರೆ, ಹಕ್ಕಿಯೂ ಕಾಣುತ್ತಿದೆ. ಗುರುಗಳು ಬೈದು ಪಕ್ಕಕ್ಕೆ ನಿಲ್ಲಿಸಿದರು. ಅನ್ಯಾಯ! ಇಷ್ಟೆಲ್ಲ ಕಂಡವನು ಲಲಿತ ಪ್ರಬಂಧಕಾರನಲ್ಲವೆ? ನಾನು ಬಿಲ್ಲೆತ್ತಿದರೆ ನನಗೂ ಹಾಗೆಯೇ. ಗುರಿಕಾಗದದ ಹಿಂದೆ ಜೋಳದ ಸೊಪ್ಪೆಯ ಬಣವೆ, ಅದರ ಹಿಂದೆ ಉಕ್ಕಿನ ಕಾರ್ಖಾನೆಯ ಚಿಮಣಿ, ಅದರಾಚೆ ಸಂಡೂರಿನ ಗುಡ್ಡಗಳ ನೀಲಿ ಗೆರೆ, ಎಲ್ಲವೂ ಸ್ಪಷ್ಟ. ಮಸುಕಾಗಿರುವುದು ಗುರಿಯೊಂದೇ.

ಬಾಣವಾದರೂ ಏಕಾಗ್ರಚಿತ್ತದ್ದೆಂದು ತಿಳಿಯಬೇಡಿ. ಬಾಣದಂತೆ ನೇರ ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ. ಬಿಟ್ಟ ಬಾಣ ನೇರ ಹೋಗುವುದೇ ಇಲ್ಲ. ಅದು ಕೂತಿರುವುದು ಬಿಲ್ಲಿನ ಪಕ್ಕದಲ್ಲಿ, ತಳ್ಳುವ ಹೆದೆ ಇರುವುದು ಬಿಲ್ಲಿನ ನಡುವಿನ ನೇರಕ್ಕೆ. ಹೆದೆ ತಳ್ಳಿದ ರಭಸಕ್ಕೆ ಬಾಣ ಒಮ್ಮೆ ಅತ್ತ ಬಾಗಿ, ಒಮ್ಮೆ ಇತ್ತ ಬಾಗಿ, ಬಿಲ್ಲನ್ನು ಬಳಸಿ ನುಣುಚಿಕೊಂಡು ಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್ಮನ್ ಎಂಬ ಭೌತವಿಜ್ಞಾನಿ ಅತಿವೇಗದ ಕ್ಯಾಮೆರಾದಲ್ಲಿ ಈ ಬಳುಕನ್ನು ಸೆರೆಹಿಡಿದು ತೋರಿಸಿದ. ಬಾಣದ ಕಡ್ಡಿ ತೀರ ಪೆಡಸಾದರೆ ಬಲಗೈಯವನ ಬಾಣ ಎಡಕ್ಕೆ ಬೀಳುತ್ತದೆ, ತೀರ ಮೆದುವಾದರೆ ಬಲಕ್ಕೆ. ಬಿಲ್ಲಿನ ಬಲಕ್ಕೆ ಒಪ್ಪುವಷ್ಟು ಬಾಗಬಲ್ಲ ಬಾಣವೇ ಗುರಿಗೆ ನೇರ. ಸೊಟ್ಟಗೆ ಹೋಗಿಯೂ ನೇರ ಮುಟ್ಟಬಹುದೆಂದು ವಿಜ್ಞಾನವೇ ಹೇಳಿದ ಮೇಲೆ, ಪ್ರಬಂಧ ಬರೆಯುವವರಿಗೆ ಇನ್ನೇನು ಬೇಕು?

ಇದರ ನಡುವೆ ಒಂದು ಕಾಯಿಲೆಯೂ ಉಂಟು. ಅದಕ್ಕೆ ನಾನಿಟ್ಟ ಹೆಸರು ಗುರಿಭೀತಿ. ಮೊನೆ ನಡುವಿನ ಹಳದಿಯತ್ತ ಹೊರಳುತ್ತಿದ್ದಂತೆಯೇ ಬೆರಳುಗಳು ಅವಸರಪಟ್ಟು ಹೆದೆಯನ್ನು ಎಸೆದುಬಿಡುತ್ತವೆ. ದೊಡ್ಡ ದೊಡ್ಡ ಬಿಲ್ಲುಗಾರರನ್ನೂ ಅದು ಬಿಟ್ಟಿಲ್ಲ. ಮದ್ದು ಮಾತ್ರ ಸೊಗಸು: ಗುರಿಯನ್ನು ತೆಗೆದುಹಾಕುವುದು. ಬರಿಯ ಹುಲ್ಲಿನ ದಿಂಡಿನೆದುರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಕಣ್ಣು ಮುಚ್ಚಿ, ಎಳೆದು, ತಡೆದು, ಬಿಡುವುದು. ಅಂಕವಿಲ್ಲ, ವೃತ್ತವಿಲ್ಲ, ಸೋಲಿಲ್ಲ. ಗುರಿಕಾರಿಕೆ ಬಲಿಯುವುದು ಗುರಿಯಿಲ್ಲದ ಹೊತ್ತಿನಲ್ಲಿ.

ನಮ್ಮ ಸೀಮೆಯ ಅರಸನೊಬ್ಬ ತನ್ನ ಇಡೀ ಸೈನ್ಯವನ್ನೇ ಹೀಗೆ ಪಾಠಕ್ಕೆ ಕೂರಿಸಿದ್ದ. 1424ರಿಂದ 1446ರವರೆಗೆ ವಿಜಯನಗರವನ್ನಾಳಿದ ಇಮ್ಮಡಿ ದೇವರಾಯ. ಬಿಜಾಪುರದಲ್ಲಿ ಕೂತು ಚರಿತ್ರೆ ಬರೆದ ಫೆರಿಷ್ತಾ ಹೇಳುವಂತೆ, ಬಹಮನಿಗಳು ನಮ್ಮನ್ನು ಮತ್ತೆ ಮತ್ತೆ ಸೋಲಿಸುವುದೇಕೆಂದು ಅರಸ ಸಭೆ ಕರೆದು ಕೇಳಿದ. ಕೆಲವರು ವಿಧಿಬರಹ ಎಂದರು. ಉಳಿದವರು, ಅವರ ಕುದುರೆ ಒಳ್ಳೆಯವು, ಅವರ ಬಿಲ್ಲುಗಾರರು ಇನ್ನೂ ಒಳ್ಳೆಯವರು ಎಂದರು. ದೇವರಾಯ ಎರಡನೆಯ ಮಾತನ್ನು ಹಿಡಿದ. ಮುಸ್ಲಿಂ ಬಿಲ್ಲುಗಾರರನ್ನು ಕರೆದು ಜಹಗೀರು ಕೊಟ್ಟ, ಅವರಿಗೊಂದು ಮಸೀದಿ ಕಟ್ಟಿಸಿಕೊಟ್ಟ, ತನಗೆ ನಮಸ್ಕರಿಸುವಾಗ ಅವರಿಗೆ ಸಂಕೋಚವಾಗದಿರಲೆಂದು ಸಿಂಹಾಸನದ ಮುಂದೆ ಕುರಾನನ್ನು ಇಡಿಸಿದ. ಎರಡು ಸಾವಿರ ಮುಸ್ಲಿಮರು, ಅರವತ್ತು ಸಾವಿರ ಹಿಂದೂಗಳು ಬಿಲ್ವಿದ್ಯೆಯಲ್ಲಿ ಪಳಗಿದರು ಎಂಬುದು ಫೆರಿಷ್ತಾನ ಲೆಕ್ಕ. ಲೆಕ್ಕ ಅವನಿಗಿರಲಿ; ಅಧಿಕಾರಿ ಅಹಮದ್ ಖಾನ್ ಅದೇ ಅರಸನಿಗೆ ಪುಣ್ಯವಾಗಲೆಂದು 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಈಗಲೂ ನಿಂತಿದೆ, ಶಾಸನದಲ್ಲಿ ಧರ್ಮಶಾಲೆ ಎಂದು ಕರೆಸಿಕೊಂಡು. ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಅರವತ್ತು ಸಾವಿರ ಮಂದಿಯ ಮೊದಲ ದಿನಗಳು. ತುಂಗಭದ್ರೆಯ ದಡದಲ್ಲಿ ಎಷ್ಟು ಬಾಣಗಳು ಎಲ್ಲೆಲ್ಲಿ ಬಿದ್ದವೋ! ನಾನು ಒಂಟಿ ಎಂದುಕೊಂಡಿದ್ದೆ. ನನ್ನ ಹಿಂದೆ ಇಷ್ಟು ದೊಡ್ಡ ಪಡೆಯಿದೆ. ಇಷ್ಟು ಕಲಿತ ಮೇಲೂ ಮುಂದಿನ ಯುದ್ಧ ಸಂಧಿಯಲ್ಲಿ ಮುಗಿಯಿತು. ಆದರೆ ವಿದ್ಯೆ ಉಳಿಯಿತು. ಸುಮಾರು 1520ರಲ್ಲಿ ಮಹಾನವಮಿಯ ಹೊತ್ತಿಗೆ ಬಂದ ಪೋರ್ಚುಗೀಸ ಪೇಯಸ್, ಚಿನ್ನ ಬೆಳ್ಳಿಯ ತಗಡು ಹೊದಿಸಿದ ಬಿಲ್ಲುಗಳನ್ನೂ ಅಚ್ಚುಕಟ್ಟಾಗಿ ಗರಿ ಕಟ್ಟಿದ ಬಾಣಗಳನ್ನೂ ಕಂಡು ಮೆಚ್ಚಿ ಬರೆದ.

ಕಲಿಕೆಯ ಗುರುತು ಯಾವುದು? ನಡುವಿಗೆ ತಾಗುವುದು ಎಂದು ನೀವೆನ್ನಬಹುದು. ಅಲ್ಲ. ಒಂದು ಬಾಣ ನಡುವಿಗೆ, ಒಂದು ಮೇಲಕ್ಕೆ, ಒಂದು ಹೊಲದಾಚೆಗೆ ಬಿದ್ದರೆ ನಡುವಿನದು ಬರಿಯ ಅದೃಷ್ಟ. ಮೂರೂ ಬಾಣಗಳು ನಡುವಿನಿಂದ ಎರಡು ಗೇಣು ಎಡಕ್ಕೆ, ಒಂದರ ಗರಿ ಒಂದಕ್ಕೆ ತಾಗುವಷ್ಟು ಹತ್ತಿರ ನೆಟ್ಟವೋ, ಹಿಗ್ಗಬೇಕು. ಅದನ್ನು ಗುಂಪು ಎನ್ನುತ್ತಾರೆ. ನೀನು ಮೂರು ಸಲವೂ ಒಂದೇ ಮನುಷ್ಯನಾಗಿದ್ದೆ ಎಂಬುದಕ್ಕೆ ಅದು ಸಾಕ್ಷಿ. ಕಂಡಕಂಡಲ್ಲಿ ತಪ್ಪುವುದು ಎಲ್ಲರಿಗೂ ಬರುತ್ತದೆ. ಒಂದೇ ಕಡೆ ತಪ್ಪುವುದಕ್ಕೆ ಸಾಧನೆ ಬೇಕು, ಒಂದಿಷ್ಟು ಚಾರಿತ್ರ್ಯವೂ ಬೇಕು.

ಗುಂಪಿಗೆ ಸೇರದೆ ದಾರಿ ತಪ್ಪಿದ ಬಾಣಗಳನ್ನು ಹುಡುಕಿ ತರುವ ನಡಿಗೆ ಬೇರೊಂದು ಸುಖ. ನೆಲವೆಲ್ಲ ಕೆಂಪು ಅದಿರಿನ ಧೂಳು. ಅದರಲ್ಲಿ ಹೂತ ಮೊನೆಯನ್ನು ಕೆದಕುವಾಗ ಹಿಂದೆಮುಂದೆ ನೋಡಿಕೊಳ್ಳುತ್ತೇನೆ. ಬಳ್ಳಾರಿ ಸೀಮೆಯಲ್ಲಿ ಪರವಾನಗಿಯಿಲ್ಲದೆ ನೆಲ ಕೆದಕುವುದು ಒಳ್ಳೆಯದಲ್ಲ. ಹೊಲದ ತಾತ ಒಮ್ಮೆ ಬದುವಿನ ಮೇಲೆ ಕೂತು ಕೇಳಿದ, "ಏನು ಹೊಡೀತೀಯಪಾ, ಮೊಲಾನಾ?"

"ಇಲ್ಲ ತಾತ, ಕಾಗದ."

"ಕಾಗದ ಹೊಡದು ಅದರ ಸಾರು ಹೆಂಗ್ ಮಾಡ್ತೀಯೋ?"

ಸಾರಿಗೆ ಬಾರದ ಬೇಟೆಯ ಮಹಿಮೆಯನ್ನು ಅವನಿಗೆ ಹೇಗೆ ಹೇಳಲಿ? ರಾಮನಿಗಾದರೂ ಈ ನಡಿಗೆಯ ಸುಖ ಸಿಗಲಿಲ್ಲ. ಸುಗ್ರೀವನ ಸಂಶಯ ಕಳೆಯಲು ಅವನು ಏಳು ಸಾಲವೃಕ್ಷಗಳನ್ನು ಒಂದೇ ಬಾಣದಲ್ಲಿ ತೂರಿದ. ಬಾಣ ಮರಗಳನ್ನು ದಾಟಿ, ಬೆಟ್ಟ ದಾಟಿ, ಭೂಮಿಯನ್ನು ಹೊಕ್ಕು, ತಾನಾಗಿ ಬತ್ತಳಿಕೆಗೆ ಮರಳಿತು. ಹುಡುಕುವ ಗೋಜಿಲ್ಲ, ತಾತನ ಮಾತಿಲ್ಲ. ಶಿಲ್ಪಿಗಳು ಕೇಳಿಕೊಂಡು ಬಂದ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ಮರಗಳು ಹಾವೊಂದರ ಬೆನ್ನ ಮೇಲೆ ಬೆಳೆದು ಅಂಕುಡೊಂಕಾಗಿ ನಿಂತಿದ್ದವಂತೆ. ಲಕ್ಷ್ಮಣ ಮೆಲ್ಲಗೆ ಹಾವನ್ನು ಕಾಲಲ್ಲಿ ಅದುಮಿದ. ಹಾವು ನೆಟ್ಟಗಾಯಿತು, ಮರಗಳು ಸಾಲಾದವು, ಬಾಣ ಹೊರಟಿತು.

ಎಡಕ್ಕೆ ಕೂಡಿದ ನನ್ನ ಗುಂಪನ್ನು ನಡುವಿಗೆ ತರುವ ದಾರಿಗಳನ್ನು ಬಲ್ಲವರು ಹೇಳಿದ್ದಾರೆ: ಬಾಣ ಬದಲಿಸು, ಹೆದೆ ನೋಡು, ಕೈ ತಿದ್ದು. ಎಲ್ಲವನ್ನೂ ಮಾಡಬಹುದು, ಅವಸರವಿಲ್ಲ. ಸದ್ಯಕ್ಕೆ ಗುರಿಕಾಗದವನ್ನೇ ಎರಡು ಗೇಣು ಎಡಕ್ಕೆ ಸರಿಸಿ ಕಟ್ಟಿದ್ದೇನೆ. ಯಾರಾದರೂ ಆಕ್ಷೇಪಿಸಿದರೆ ಮೊದಲು ಲಕ್ಷ್ಮಣನನ್ನು ಕೇಳಿ ಬರಲಿ.