ಹಿಕ್ಕೆ ಹೇಳುವ ಸುದ್ದಿ

ಏಪ್ರಿಲ್ ತಿಂಗಳು, ಗೋಕಾಕದ ಹಳೇ ಮನೆಯೊಂದರ ಹಿತ್ತಲು. ಗಂಟೆ ಇನ್ನೂ ಆರಾಗಿಲ್ಲ. ಘಟಪ್ರಭೆಯ ಕಡೆಯಿಂದ ಬರುವ ಗಾಳಿಯಲ್ಲಿ ತುಸು ತಂಪು ಉಳಿದಿದೆ. ನೀವು ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೀರಿ. ಪಕ್ಕದಲ್ಲಿ ಅಣ್ಣನ ಮಗಳು, ಎಂಟು ವರ್ಷದವಳು, ನಿದ್ದೆಗಣ್ಣಲ್ಲಿ.

"ಕಾಕಾ, ರಾತ್ರಿ ಹಾಕಿದ ಕರಕಿ ಹಂಗ ಬಿದ್ದೈತಿ ನೋಡು."

ಮೊಲವನ್ನು ಮುಟ್ಟುವ ಮೊದಲು ಕೆಳಗಿನ ತಟ್ಟೆ ಎಳೆಯುತ್ತೀರಿ. ದಿನವೂ ಇಲ್ಲಿ ಕಡಲೆಕಾಳಿನಂಥ ಗುಂಡನೆ ಹಿಕ್ಕೆ ರಾಶಿ ಬಿದ್ದಿರುತ್ತಿತ್ತು. ಹಿಸುಕಿದರೆ ಒಣ ಹುಲ್ಲಿನ ಪುಡಿಯಾಗುತ್ತಿತ್ತು. ಇವತ್ತು ಹತ್ತೋ ಹನ್ನೆರಡೋ ಇವೆ, ಅವೂ ಜೋಳದ ಕಾಳಿನಷ್ಟು ಸಣ್ಣವು. ಎದೆ ಧಸಕ್ಕೆನ್ನುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಗೆ ಹೋದದ್ದು ಮುಂದಕ್ಕೇ ಸಾಗಬೇಕು. ಕರುಳು ನಿಂತರೆ ಜೀವವೂ ನಿಂತಂತೆ. 12 ತಾಸು ತಿನ್ನದೆ, ಹಿಕ್ಕೆ ಹಾಕದೆ ಕೂತ ಮೊಲ ಸಾವಿನ ಹತ್ತಿರವೇ ಕೂತಿರುತ್ತದೆ. ಆದರೂ ಅದು ನರಳುವುದಿಲ್ಲ. ನರಿ, ನಾಯಿ, ಹದ್ದುಗಳಿಗೆ ಆಹಾರವಾಗುವ ಕುಲ. ನೋವನ್ನು ಮುಚ್ಚಿಡುವುದು ಅದಕ್ಕೆ ಹುಟ್ಟಿನಿಂದ ಬಂದದ್ದು.

"ನಿನ್ನೆ ಏನ ಕೊಟ್ಟಿದ್ದಿ ಅದಕ್ಕ?"

ತಲೆ ತಗ್ಗಿಸುತ್ತಾಳೆ. "ಕರದಂಟು. ಸಣ್ಣ ತುಂಡಾ."

ಬೈಯಲು ಬಾಯಿ ಬರುವುದಿಲ್ಲ. ಈ ಊರಲ್ಲಿ ಪ್ರೀತಿ ಇದ್ದವರಿಗೆಲ್ಲ ಕೊಡುವುದು ಅದನ್ನೇ. ಆದರೆ ಬೆಲ್ಲ, ಅಂಟು, ಒಣಹಣ್ಣು ಆ ಹೊಟ್ಟೆಗಲ್ಲ. ಹುಲ್ಲಿಗೆಂದೇ ಆದ ಹೊಟ್ಟೆ ಅದು.

ಅವಳ ಕೈ ಕಿವಿಯತ್ತ ಹೋಗುತ್ತದೆ. "ಕಿವಿ ಹಿಡಿಬ್ಯಾಡವ್ವಾ." ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು ಎತ್ತುತ್ತೀರಿ. ಹಿಂಗಾಲು ಜೋತುಬಿದ್ದರೆ ಅದು ಜಾಡಿಸುವ ಒದೆತಕ್ಕೆ ತನ್ನ ಬೆನ್ನುಮೂಳೆಯೇ ಮುರಿದೀತು. ನೆಲದ ಮೇಲೆ ಗೋಣಿಚೀಲ ಹಾಸಿ ಕೂರಿಸುತ್ತೀರಿ.

ಕಿವಿಯೊಳಗೆ ಕಂದು ಹಕ್ಕಳೆ ಇಲ್ಲ, ಅಂದರೆ ನುಸಿ ಇಲ್ಲ. ಮುಂಗಾಲಿನ ಒಳಮಗ್ಗುಲು ಒಣಗಿದೆ. ನೆಗಡಿಯಾಗಿದ್ದರೆ ಮೂಗು ಒರೆಸಿಕೊಂಡು ಅಲ್ಲಿನ ಕೂದಲು ಅಂಟಂಟಾಗಿರುತ್ತಿತ್ತು.

ತುಟಿ ಮೆಲ್ಲಗೆ ಸರಿಸುತ್ತೀರಿ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತವೆ, ಬದುಕಿರುವ ತನಕ. ಸವೆಸಲು ನಾರಿನ ಹುಲ್ಲು ಬೇಕು. ಇವು ನೇರವಾಗಿವೆ, ಮೇಲಿನ ಜೋಡಿ ಕೆಳಗಿನದರ ಮುಂದೆ ಸರಿಯಾಗಿ ಕೂತಿದೆ. ದವಡೆಹಲ್ಲು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕೆಳದವಡೆಯ ಅಂಚಿಗೆ ಎರಡೂ ಕಡೆ ಬೆರಳಾಡಿಸುತ್ತೀರಿ: ಗಂಟಿಲ್ಲ. ಗಲ್ಲವೂ ಜೊಲ್ಲಿನಿಂದ ಒದ್ದೆಯಾಗಿಲ್ಲ.

ಹೊಟ್ಟೆಗೆ ಅಂಗೈ ಇಡುತ್ತೀರಿ. ನಾದಿದ ಹಿಟ್ಟಿನಂತೆ ಮೆತ್ತಗಿರಬೇಕಾದದ್ದು ಸ್ವಲ್ಪ ಬಿಗಿದಿದೆ. ಒತ್ತುವುದಿಲ್ಲ. ಬಾಲದ ಕೆಳಗೆ ಕೊಳೆಯಿಲ್ಲ, ನೊಣವಿಲ್ಲ. ದ್ರಾಕ್ಷಿಗೊಂಚಲಿನಂಥ ಮೆತ್ತನೆ ಹಿಕ್ಕೆಯೊಂದು ಹಾಗೇ ಬಿದ್ದಿದೆ. ಅದನ್ನು ಮೊಲ ತಾನೇ ತಿನ್ನಬೇಕಿತ್ತು, ಅದು ಅದರ ಎರಡನೇ ಊಟ. ತಿನ್ನದೆ ಬಿಟ್ಟಿದೆ ಎಂದರೆ ಮೈಯಲ್ಲಿ ಸುಖವಿಲ್ಲ.

ಪಕ್ಕೆ ಏರಿಳಿಯುವುದನ್ನು ಗಡಿಯಾರ ಹಿಡಿದು ಎಣಿಸುತ್ತೀರಿ: ನಿಮಿಷಕ್ಕೆ 52. ಮೂವತ್ತರಿಂದ ಅರವತ್ತರೊಳಗೆ ಇದ್ದರೆ ಸರಿ. ಹೋದ ಬೇಸಿಗೆಯಲ್ಲಿ ಹುಕ್ಕೇರಿಯ ಬೀಗರ ಮನೆಯಲ್ಲಿ ತಗಡಿನ ಕೆಳಗಿಟ್ಟ ಮೊಲ ಬಾಯಿ ತೆರೆದು ಏದುಸಿರು ಬಿಡುತ್ತ ಮಧ್ಯಾಹ್ನದೊಳಗೇ ಹೋಯಿತು. ಮೊಲ ಬೆವರುವುದಿಲ್ಲ, ಮೈಯ ಕಾವು ಬಹುಮಟ್ಟಿಗೆ ಕಿವಿಯಿಂದಲೇ ಹೊರಹೋಗಬೇಕು. ಯಾರಾದರೂ ಕಿವಿಗೆ ತಣ್ಣೀರು ಸವರಿ ನೆರಳಿಗೆ ಒಯ್ದಿದ್ದರೆ ಎಂದು ಈಗಲೂ ಅನಿಸುತ್ತದೆ.

"ಕಾಕಾ, ಮೂಡಲಗಿ ಮಾಮಾ ಕಬ್ಬಿನ ಹೊಲದಾಗಿನ ಮೊಲದ ಮರಿ ತರ್ತೀನಿ ಅಂದಾನ."

ಬೇಡ ಎನ್ನುತ್ತೀರಿ. ಕನ್ನಡದಲ್ಲಿ ಎರಡಕ್ಕೂ ಮೊಲವೆಂದೇ ಹೆಸರು, ಜಾತಿ ಮಾತ್ರ ಬೇರೆ. ಕಾಡುಮೊಲವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಎಳೇ ಕರಕಿ, ಬಟ್ಟಲಲ್ಲಿ ನೀರು ಇಟ್ಟು ಕಾಯುತ್ತೀರಿ. ಮೊಲ ಮೂಗು ಆಡಿಸುತ್ತದೆ, ಒಂದೆಳೆ ಕಚ್ಚುತ್ತದೆ, ಬಿಡುತ್ತದೆ. ಹುಡುಗಿ ಉಸಿರು ಬಿಗಿಹಿಡಿದಿದ್ದಾಳೆ. ಬಿಸಿಲು ಗೋಡೆ ಹತ್ತುತ್ತದೆ. ಹೊಸ ಹಿಕ್ಕೆ ಒಂದೂ ಬೀಳಲಿಲ್ಲ. ನೀವು ಬುಟ್ಟಿಗೆ ಗೋಣಿ ಹಾಸುತ್ತೀರಿ.

ನಿಮ್ಮ ಮನೆಯಲ್ಲೂ ಹೀಗಾದರೆ ಸಂಜೆಯ ತನಕ ಕಾಯಬೇಡಿ. ಬೆಳಿಗ್ಗೆಯೇ ಪಶುವೈದ್ಯರ ಹತ್ತಿರ ಹೋಗಿ, ಆ ಹಿಕ್ಕೆಯನ್ನೂ ಕಾಗದದಲ್ಲಿ ಕಟ್ಟಿ ಒಯ್ಯಿರಿ.